ಎರಡು ಪಕ್ಷ ಸಾಕೇ, ಹೆಚ್ಚು ಬೇಕೇ? ಸೊಲ್ಲಾಪುರ, ಅಕ್ಕಲಕೋಟದ ಅನುಭವ ಏನು ಹೇಳುತ್ತದೆ

ಸೊಲ್ಲಾಪುರ: ದೇಶಕ್ಕೆ ಎರಡೇ ಪಕ್ಷಗಳಿದ್ದರೆ ಒಳ್ಳೆಯದೋ, ಹತ್ತಾರು ಪಕ್ಷಗಳಿದ್ದರೆ ಒಳ್ಳೆಯದೋ ಎಂಬುದು ಚುನಾವಣೆ ಬಂದಾಗಲೆಲ್ಲ ಊರ ಕಟ್ಟೆಯ ಮೇಲೆ ನಡೆಯುವ ಹಳೆಯ ಚರ್ಚೆ. ಗಡಿಭಾಗದಲ್ಲಿ ಇದಕ್ಕೆ ಇನ್ನಷ್ಟು ರಂಗು ಬರುತ್ತದೆ. ಅಕ್ಕಲಕೋಟ ತಾಲೂಕಿನ ಹಳ್ಳಿಯವರಿಗೆ ಎರಡು ರಾಜ್ಯಗಳ ರಾಜಕೀಯವೂ ಗೊತ್ತು. ಬೀಗರು ಇರುವುದು ಇಂಡಿ, ಅಫಜಲಪುರ, ಆಳಂದ ಕಡೆ. ಅಲ್ಲಿ ಕೈ, ಕಮಲ, ತೆನೆ ಹೊತ್ತ ಮಹಿಳೆ. ಇಲ್ಲಿ 2024ರ ವಿಧಾನಸಭೆ ಚುನಾವಣೆಯ ಹೊತ್ತಿಗೆ ಕೈ, ಕಮಲ, ಬಿಲ್ಲು ಬಾಣ, ಮಶಾಲ, ಗಡಿಯಾರ, ತುತಾರಿ ಎಂದು ದೊಡ್ಡ ಚಿಹ್ನೆಗಳೇ ಆರು. ಇವುಗಳ ಜೊತೆಗೆ ವಂಚಿತ, ಎಂಐಎಂ, ಕಮ್ಯುನಿಸ್ಟ್, ಶೇಕಾಪ, ಬಿಎಸ್‌ಪಿ ಮತ್ತು ಪಕ್ಷೇತರರು.

ಇಷ್ಟು ಪಕ್ಷಗಳಿಂದ ಮತದಾರನಿಗೆ ಸಿಕ್ಕಿದ್ದೇನು, ಕಳೆದದ್ದೇನು ಎಂದು ತೂಗಿ ನೋಡಲು ಸೊಲ್ಲಾಪುರ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಭಾಷೆಗಳು ಕೇಳಿಬರುವ ಈ ಜಿಲ್ಲೆಯಲ್ಲಿ ಸಣ್ಣ ಪಕ್ಷಗಳು ಗೆದ್ದದ್ದೂ ಉಂಟು, ಇನ್ನೊಬ್ಬರ ಸೋಲಿಗೆ ಕಾರಣ ಎನಿಸಿಕೊಂಡದ್ದೂ ಉಂಟು.

ನಿಯಮ ಏನು ಹೇಳುತ್ತದೆ?

ಭಾರತದ ಸಂವಿಧಾನ ಇಂತಿಷ್ಟೇ ಪಕ್ಷಗಳಿರಬೇಕು ಎಂದು ಎಲ್ಲಿಯೂ ಹೇಳಿಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 29-ಎ ಕಲಮಿನ ಪ್ರಕಾರ ಯಾರು ಬೇಕಾದರೂ ಪಕ್ಷ ಕಟ್ಟಿ ಚುನಾವಣಾ ಆಯೋಗದಲ್ಲಿ ನೋಂದಾಯಿಸಬಹುದು. ಪಡೆದ ಮತ ಮತ್ತು ಸ್ಥಾನಗಳನ್ನು ನೋಡಿ ಆಯೋಗ ರಾಜ್ಯ ಪಕ್ಷ, ರಾಷ್ಟ್ರೀಯ ಪಕ್ಷ ಎಂಬ ಮಾನ್ಯತೆ ನೀಡುತ್ತದೆ. 2023ರ ಏಪ್ರಿಲ್‌ನಲ್ಲಿ ಆಯೋಗ ಈ ಪಟ್ಟಿಯನ್ನು ಪರಿಷ್ಕರಿಸಿದಾಗ ರಾಷ್ಟ್ರೀಯ ಪಕ್ಷಗಳ ಸಂಖ್ಯೆ ಆರಕ್ಕೆ ಇಳಿಯಿತು. ರಾಷ್ಟ್ರವಾದಿ ಕಾಂಗ್ರೆಸ್ ಮತ್ತು ಸಿಪಿಐ ಆ ಪಟ್ಟಿಯಿಂದ ಹೊರಬಿದ್ದ ಪಕ್ಷಗಳಲ್ಲಿ ಸೇರಿವೆ.

ನಮ್ಮಲ್ಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಮತವೋ ಅವರೇ ಗೆದ್ದರು. ಅರ್ಧಕ್ಕಿಂತ ಹೆಚ್ಚು ಮತ ಬೀಳಲೇಬೇಕೆಂಬ ಷರತ್ತಿಲ್ಲ. ಇಂಥ ಪದ್ಧತಿ ಇರುವ ಕಡೆ ಕಾಲಕ್ರಮೇಣ ಎರಡೇ ಪಕ್ಷಗಳು ಉಳಿಯುತ್ತವೆ ಎಂದು ಫ್ರಾನ್ಸಿನ ವಿದ್ವಾಂಸ ಮೋರಿಸ್ ದುವರ್ಜೆ 1951ರಲ್ಲಿ ಬರೆದರು. ಮೂರನೆಯವನಿಗೆ ಹಾಕಿದ ಮತ ವ್ಯರ್ಥವಾಗುತ್ತದೆಂದು ಜನ ಹಿಂಜರಿಯುತ್ತಾರೆ ಎಂಬುದು ಅವರ ವಾದ. ಅಮೆರಿಕದ ಮಟ್ಟಿಗೆ ಇದು ಬಹುತೇಕ ನಿಜವಾಯಿತು. ಭಾರತದಲ್ಲಿ ಅರ್ಧ ಮಾತ್ರ ನಿಜವಾಯಿತು. ಒಂದೊಂದು ಕ್ಷೇತ್ರದಲ್ಲಿ ಇಬ್ಬರ ನಡುವೆಯೇ ಹಣಾಹಣಿ ನಡೆಯಬಹುದು. ಆದರೆ ಆ ಇಬ್ಬರು ಎಲ್ಲ ಕಡೆ ಒಂದೇ ಪಕ್ಷದವರಲ್ಲ. ಅಕ್ಕಲಕೋಟದಲ್ಲಿ ಕಾಂಗ್ರೆಸ್ ಮತ್ತು ಬಿಜೆಪಿ. ಅದೇ ಜಿಲ್ಲೆಯ ಸಾಂಗೋಲೆಯಲ್ಲಿ ಶೇಕಾಪ ಮತ್ತು ಶಿವಸೇನೆ. ಇವೆಲ್ಲ ಕೂಡಿದಾಗ ಮುಂಬಯಿ, ದೆಹಲಿಗಳಲ್ಲಿ ಹಲವು ಪಕ್ಷಗಳು ಕಾಣುತ್ತವೆ.

ಮೊದಲ ಚುನಾವಣೆಯಲ್ಲೇ ಮೂರನೆಯವರ ಗೆಲುವು

ಸೊಲ್ಲಾಪುರಕ್ಕೆ ಬಹುಪಕ್ಷ ರಾಜಕೀಯ ಹೊಸದಲ್ಲ. 1952ರ ಮೊದಲ ಲೋಕಸಭೆ ಚುನಾವಣೆಯಲ್ಲಿ ಇದು ಇಬ್ಬರು ಸದಸ್ಯರ ಕ್ಷೇತ್ರವಾಗಿತ್ತು. ಒಂದು ಸಾಮಾನ್ಯ ಸ್ಥಾನ, ಇನ್ನೊಂದು ಪರಿಶಿಷ್ಟ ಜಾತಿಯ ಮೀಸಲು ಸ್ಥಾನ. ದೇಶದಲ್ಲಿ 489 ಸ್ಥಾನಗಳ ಪೈಕಿ 364ನ್ನು ಗೆದ್ದ ಕಾಂಗ್ರೆಸ್ಸಿಗೆ ಸೊಲ್ಲಾಪುರದಲ್ಲಿ ಎರಡರಲ್ಲಿ ಒಂದೂ ದಕ್ಕಲಿಲ್ಲ. ಸಾಮಾನ್ಯ ಸ್ಥಾನದಿಂದ ಶೇತಕರಿ ಕಾಮಗಾರ ಪಕ್ಷದ ಶಂಕರರಾವ್ ಮೋರೆ ಗೆದ್ದರು. ಮೀಸಲು ಸ್ಥಾನದಿಂದ ಡಾ. ಅಂಬೇಡ್ಕರರ ಪರಿಶಿಷ್ಟ ಜಾತಿ ಫೆಡರೇಶನ್ನಿನ ಪಿ.ಎನ್. ರಾಜಭೋಜ ಗೆದ್ದರು. ಅದೇ ಚುನಾವಣೆಯಲ್ಲಿ ಅಂಬೇಡ್ಕರರೇ ಮುಂಬಯಿಯಲ್ಲಿ ಸೋತಿದ್ದರು ಎಂಬುದನ್ನು ನೆನೆದರೆ ಸೊಲ್ಲಾಪುರದ ಗೆಲುವಿನ ಮಹತ್ವ ತಿಳಿಯುತ್ತದೆ.

ರೈತ, ಕೂಲಿ ಮತ್ತು ದಲಿತರ ದನಿ ದೊಡ್ಡ ಪಕ್ಷದ ಮೂಲಕವೇ ಹೋಗಬೇಕಾಗಿಲ್ಲ ಎಂಬುದನ್ನು ಈ ಜಿಲ್ಲೆ 1952ರಲ್ಲೇ ತೋರಿಸಿತ್ತು. ಆದರೆ ಅದರ ಮುಂದಿನ ಭಾಗವನ್ನೂ ಹೇಳಬೇಕು. ಮೋರೆ ಮತ್ತು ರಾಜಭೋಜ ಇಬ್ಬರೂ ಕೆಲವೇ ವರ್ಷಗಳಲ್ಲಿ ಕಾಂಗ್ರೆಸ್ ಸೇರಿದರು. ಸಣ್ಣ ಪಕ್ಷದಿಂದ ಹೆಸರು ಗಳಿಸುವುದು, ದೊಡ್ಡ ಪಕ್ಷಕ್ಕೆ ಹೋಗುವುದು ಎಂಬ ರೂಢಿಯೂ ಅಷ್ಟೇ ಹಳೆಯದು.

ಸಾಂಗೋಲೆ: ಒಂದೇ ಪಕ್ಷ, ಹನ್ನೊಂದು ಗೆಲುವು

ಆ ರೂಢಿಯನ್ನು ಮುರಿದವರು ಸಾಂಗೋಲೆಯ ಗಣಪತರಾವ್ ದೇಶಮುಖ. 1962ರಲ್ಲಿ ಶೇಕಾಪದಿಂದ ಮೊದಲ ಬಾರಿ ಆಮದಾರರಾದ ಅವರು 2014ರವರೆಗೆ ಒಂದೇ ಕ್ಷೇತ್ರದಿಂದ, ಒಂದೇ ಪಕ್ಷದಿಂದ ಹನ್ನೊಂದು ಬಾರಿ ಗೆದ್ದರು. ನಡುವೆ 1972 ಮತ್ತು 1995ರಲ್ಲಿ ಸೋತರು. ಆದರೂ ಪಕ್ಷ ಬಿಡಲಿಲ್ಲ. 2021ರ ಜುಲೈ 30ರಂದು ಅವರು ನಿಧನರಾದಾಗ ಎಲ್ಲ ಪಕ್ಷದವರೂ ಕಂಬನಿ ಮಿಡಿದರು.

ಈ ಐವತ್ತು ಚಿಲ್ಲರೆ ವರ್ಷಗಳಲ್ಲಿ ಅವರು ಸಚಿವರಾದದ್ದು ಎರಡೇ ಬಾರಿ, 1978ರಲ್ಲಿ ಮತ್ತು 1999ರಲ್ಲಿ. ಎರಡೂ ಬಾರಿ ಯಾವ ಒಂದು ಪಕ್ಷಕ್ಕೂ ಬಹುಮತ ಇರಲಿಲ್ಲ. 1999ರಲ್ಲಿ 288 ಸದಸ್ಯರ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 75, ರಾಷ್ಟ್ರವಾದಿಗೆ 58 ಸ್ಥಾನ ಬಂದಿದ್ದವು. ಅಂಥ ಹೊತ್ತಿನಲ್ಲಿ ಸಣ್ಣ ಪಕ್ಷದ ಬೆರಳೆಣಿಕೆಯ ಆಮದಾರರಿಗೂ ಬೆಲೆ ಬರುತ್ತದೆ. ಉಳಿದ ಕಾಲವೆಲ್ಲ ಅವರು ಬಹುಮಟ್ಟಿಗೆ ವಿರೋಧಿ ಬೆಂಚಿನಲ್ಲೇ ಕುಳಿತು ಬರಪೀಡಿತ ತಾಲೂಕುಗಳಿಗೆ ಕೃಷ್ಣೆಯ ನೀರು ಕೇಳಿದರು. ನಾಗನಾಥ ಅಣ್ಣಾ ನಾಯಕವಾಡಿಯವರ ಜೊತೆ ಆಟಪಾಡಿಯ ಪಾಣಿ ಪರಿಷತ್ತುಗಳಲ್ಲಿ 13 ಬರಪೀಡಿತ ತಾಲೂಕುಗಳ ಬೇಡಿಕೆಯನ್ನು ವರ್ಷ ವರ್ಷವೂ ಮುಂದಿಟ್ಟರು. ಸಹಕಾರಿ ನೂಲಿನ ಗಿರಣಿ ಕಟ್ಟಿದರು. ಸರಕಾರದಲ್ಲಿ ಯಾರೇ ಇರಲಿ, ಅವರ ಬೇಡಿಕೆ ಮಾತ್ರ ಬದಲಾಗಲಿಲ್ಲ.

2019ರಲ್ಲಿ ಅವರ ಮೊಮ್ಮಗ ಅನಿಕೇತ ದೇಶಮುಖ ಶಿವಸೇನೆಯ ಶಹಾಜಿಬಾಪು ಪಾಟೀಲರ ಎದುರು ಕೇವಲ 768 ಮತಗಳಿಂದ ಸೋತರು. 2024ರಲ್ಲಿ ಇನ್ನೊಬ್ಬ ಮೊಮ್ಮಗ ಬಾಬಾಸಾಹೇಬ ದೇಶಮುಖ 25 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಸ್ಥಾನವನ್ನು ಮರಳಿ ಪಡೆದರು. ಆ ಬಾರಿ ಉದ್ಧವ ಠಾಕ್ರೆ ಬಣದ ಅಭ್ಯರ್ಥಿಯೂ ಕಣದಲ್ಲಿದ್ದು ತ್ರಿಕೋನ ಸ್ಪರ್ಧೆ ನಡೆದಿತ್ತು. ಬೇರು ಗಟ್ಟಿಯಿದ್ದ ಪಕ್ಷಕ್ಕೆ ತ್ರಿಕೋನ ಸ್ಪರ್ಧೆ ಅಡ್ಡಿಯಾಗಲಿಲ್ಲ ಎಂಬುದು ಗಮನಾರ್ಹ.

ಕುಂಭಾರಿ: ಸೋತ ಪಕ್ಷ ಕಟ್ಟಿಸಿದ ಮನೆಗಳು

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಕುಂಭಾರಿಯ ಗುರುತಿದೆ. ಅಲ್ಲಿನ ಸಾಲು ಸಾಲು ಮನೆಗಳ ಕಥೆಯೂ ಮೂರನೆಯ ಪಕ್ಷದ ಕಥೆಯೇ. ಬೀಡಿ ಕಟ್ಟುವ ಹೆಣ್ಣುಮಕ್ಕಳು, ಕೈಮಗ್ಗ ಮತ್ತು ವಿದ್ಯುತ್ ಮಗ್ಗದ ಕೂಲಿಗಳು ಸೊಲ್ಲಾಪುರದ ಪೂರ್ವ ಭಾಗದ ಇಕ್ಕಟ್ಟಿನ ಗಲ್ಲಿಗಳಲ್ಲಿ ಬಾಡಿಗೆಗೆ ಇದ್ದವರು. ಅವರಿಗಾಗಿ ಸಿಪಿಎಂ ನಾಯಕ ನರಸಯ್ಯ ಆಡಂ ಸಹಕಾರಿ ಗೃಹ ನಿರ್ಮಾಣ ಯೋಜನೆ ಕೈಗೊಂಡರು. ಗೋದೂತಾಯಿ ಪರುಳೇಕರ ಹೆಸರಿನ ವಸತಿಯಲ್ಲಿ ಬೀಡಿ ಕಾರ್ಮಿಕ ಮಹಿಳೆಯರಿಗೆ 10 ಸಾವಿರ ಮನೆಗಳಾದವು. 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಬಂದು ಅವುಗಳನ್ನು ಹಸ್ತಾಂತರಿಸಿದರು.

ನಂತರ ಅಸಂಘಟಿತ ಕಾರ್ಮಿಕರಿಗೆ 30 ಸಾವಿರ ಮನೆಗಳ ರೇ ನಗರ ಯೋಜನೆ ಬಂತು. 2019ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಪ್ರಧಾನಿ ನರೇಂದ್ರ ಮೋದಿ, 2024ರ ಜನವರಿ 19ರಂದು ಮೊದಲ 15 ಸಾವಿರ ಮನೆಗಳನ್ನು ಫಲಾನುಭವಿಗಳಿಗೆ ಒಪ್ಪಿಸಿದರು.

ಇಲ್ಲಿ ಎರಡು ಸಂಗತಿಗಳಿವೆ. ಆಡಂ 1978, 1995 ಮತ್ತು 2004ರಲ್ಲಿ ಸೊಲ್ಲಾಪುರ ನಗರದಿಂದ ಆಮದಾರರಾಗಿದ್ದವರು. 2004ರ ನಂತರ ಅವರು ಮತ್ತೆ ಗೆದ್ದಿಲ್ಲ. ಅಂದರೆ ರೇ ನಗರ ಎದ್ದು ನಿಂತಾಗ ಅವರ ಪಕ್ಷಕ್ಕೆ ನಗರದಲ್ಲಿ ಆಮದಾರಕಿಯೂ ಇರಲಿಲ್ಲ. ಎರಡನೆಯದು, 2019ರ ಅಡಿಗಲ್ಲು ಸಮಾರಂಭದಲ್ಲಿ ಪ್ರಧಾನಿಯನ್ನು ಹೊಗಳಿದ್ದಕ್ಕೆ ಅವರದೇ ಪಕ್ಷ ಅವರನ್ನು ಕೇಂದ್ರ ಸಮಿತಿಯಿಂದ ಮೂರು ತಿಂಗಳು ಅಮಾನತು ಮಾಡಿತು. ಸಣ್ಣ ಪಕ್ಷದ ಮುಖಂಡ ಕೆಲಸ ಆಗಬೇಕಾದರೆ ಎಲ್ಲ ಸರಕಾರಗಳ ಬಾಗಿಲನ್ನೂ ತಟ್ಟಬೇಕು, ಅದಕ್ಕಾಗಿ ತನ್ನವರಿಂದಲೇ ಮಾತು ಕೇಳಬೇಕು. ಈ ಇಕ್ಕಟ್ಟು ದೊಡ್ಡ ಪಕ್ಷದವರಿಗೆ ಅಷ್ಟಾಗಿ ಇರುವುದಿಲ್ಲ.

ಕುಂಭಾರಿಯಿಂದ ತಿಳಿಯುವುದು ಇಷ್ಟು: ಮೂರನೆಯ ಪಕ್ಷದ ಲಾಭವನ್ನು ಗೆದ್ದ ಸ್ಥಾನಗಳಿಂದ ಮಾತ್ರ ಅಳೆಯಲಾಗದು. ದೊಡ್ಡ ಪಕ್ಷಗಳ ಕಣ್ಣಿಗೆ ಬೀಳದ ಜನರನ್ನು ಸಂಘಟಿಸಿ, ಅವರ ಬೇಡಿಕೆಯನ್ನು ಕಾಗದಕ್ಕೆ ಇಳಿಸಿ, ಅಧಿಕಾರದಲ್ಲಿ ಇರುವವರ ಕೈಯಿಂದ ಕೆಲಸ ಮಾಡಿಸುವುದು ಅದರ ನಿಜವಾದ ಬಲ.

2019ರ ಲೆಕ್ಕ: ಮತ ಒಡೆಯಿತೇ?

ಇನ್ನು ಎದುರು ಪಕ್ಷದ ವಾದ. ಹೆಚ್ಚು ಪಕ್ಷಗಳಿದ್ದರೆ ಮತ ಒಡೆದು, ಬಹುಜನರಿಗೆ ಬೇಡವಾದವನೇ ಗೆಲ್ಲುತ್ತಾನೆ ಎನ್ನುವುದು ಅದರ ತಿರುಳು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 2019ರ ಸೊಲ್ಲಾಪುರ ಲೋಕಸಭೆ ಚುನಾವಣೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ನಗರದ ಉತ್ತರ ಮತ್ತು ಮಧ್ಯ, ಮೋಹೋಳ ಹಾಗೂ ಪಂಢರಪುರ ಸೇರಿದ ಈ ಕ್ಷೇತ್ರ 2009ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಮೂರು ಚುನಾವಣೆಗಳ ಅಂಕಿ ಅಂಶ ಹೀಗಿದೆ:

2014: ಶರದ ಬನಸೋಡೆ (ಬಿಜೆಪಿ) 5,17,879. ಸುಶೀಲಕುಮಾರ ಶಿಂದೆ (ಕಾಂಗ್ರೆಸ್) 3,68,205. ಅಂತರ 1,49,674.

2019: ಜಯಸಿದ್ಧೇಶ್ವರ ಸ್ವಾಮೀಜಿ (ಬಿಜೆಪಿ) 5,24,985. ಸುಶೀಲಕುಮಾರ ಶಿಂದೆ (ಕಾಂಗ್ರೆಸ್) 3,66,377. ಪ್ರಕಾಶ ಅಂಬೇಡ್ಕರ್ (ವಂಚಿತ ಬಹುಜನ ಆಘಾಡಿ) 1,70,007. ಅಂತರ 1,58,608.

2024: ಪ್ರಣಿತಿ ಶಿಂದೆ (ಕಾಂಗ್ರೆಸ್) 6,20,225. ರಾಮ ಸಾತಪುತೆ (ಬಿಜೆಪಿ) 5,46,028. ಅಂತರ 74,197.

2019ರಲ್ಲಿ ವಂಚಿತಕ್ಕೆ ಬಿದ್ದ ಮತ ಗೆಲುವಿನ ಅಂತರಕ್ಕಿಂತ ಹೆಚ್ಚು. ಹೀಗಾಗಿ ಶಿಂದೆಯವರ ಸೋಲಿಗೆ ಅಂಬೇಡ್ಕರರೇ ಕಾರಣ ಎಂಬ ಮಾತು ಊರೂರಲ್ಲಿ ಬೇರೂರಿತು. ಆದರೆ ಲೆಕ್ಕವನ್ನು ಒಂದು ಹೆಜ್ಜೆ ಮುಂದೆ ಒಯ್ದರೆ ಬೇರೆ ಚಿತ್ರ ಕಾಣುತ್ತದೆ. ಫಲಿತಾಂಶ ತಿರುಗಬೇಕಾದರೆ ವಂಚಿತದ ನೂರು ಮತಗಳಲ್ಲಿ 93ಕ್ಕೂ ಹೆಚ್ಚು ಮತಗಳು ಕಾಂಗ್ರೆಸ್ಸಿಗೇ ಬೀಳಬೇಕಿತ್ತು. ಯಾವ ಪಕ್ಷದ ಮತವೂ ಅಷ್ಟು ಗಂಟು ಕಟ್ಟಿದಂತೆ ಇನ್ನೊಂದು ಪಕ್ಷಕ್ಕೆ ಹೋಗುವುದಿಲ್ಲ. ಕೆಲವರು ಮನೆಯಲ್ಲೇ ಉಳಿಯುತ್ತಾರೆ, ಕೆಲವರು ಕಮಲಕ್ಕೆ ಒತ್ತುತ್ತಾರೆ. ಮೇಲಾಗಿ ವಂಚಿತ ಆಘಾಡಿ ಹುಟ್ಟಿದ್ದೇ 2018ರಲ್ಲಿ. ಅದು ಇಲ್ಲದ 2014ರಲ್ಲಿಯೂ ಶಿಂದೆ ಹೆಚ್ಚುಕಡಿಮೆ ಅಷ್ಟೇ ಅಂತರದಿಂದ ಸೋತಿದ್ದರು.

ಹಾಗೆಂದು ಮೂರನೆಯವರಿಂದ ಏನೂ ಆಗಲಿಲ್ಲ ಎನ್ನುವಂತಿಲ್ಲ. 2024ರಲ್ಲಿ ವಂಚಿತದ ಅಭ್ಯರ್ಥಿ ನಾಮಪತ್ರ ಹಿಂಪಡೆದರು, ನೇರ ಸ್ಪರ್ಧೆ ನಡೆಯಿತು, ಕಾಂಗ್ರೆಸ್ ಗೆದ್ದಿತು. ಆದರೆ ಆ ಗೆಲುವಿನಲ್ಲಿ ಬರ, ಈರುಳ್ಳಿ ಬೆಲೆ, ಮರಾಠಾ ಮೀಸಲಾತಿ ಚಳವಳಿ, ಸಂವಿಧಾನದ ಚರ್ಚೆ ಎಲ್ಲವೂ ಕೂಡಿಕೊಂಡಿದ್ದವು. ಒಂದೇ ಕಾರಣಕ್ಕೆ ಗಂಟು ಹಾಕುವುದು ಸರಿಯಲ್ಲ.

ಈ ಗದ್ದಲದಲ್ಲಿ ಮರೆತುಹೋದ ಸಂಗತಿ ಇನ್ನೊಂದಿದೆ. ಒಂದು ಲಕ್ಷ ಎಪ್ಪತ್ತು ಸಾವಿರ ಜನ ಎರಡೂ ದೊಡ್ಡ ಪಕ್ಷಗಳು ಬೇಡ ಎಂದು ಮತ ಹಾಕಿದರು. ಈ ಸಂಖ್ಯೆ ಠೇವಣಿ ಉಳಿಸಿಕೊಳ್ಳಲು ಬೇಕಾದ ಆರನೇ ಒಂದು ಪಾಲಿಗೂ ತುಸು ಕಡಿಮೆ. ಅವರು ಯಾಕೆ ಹಾಗೆ ಮಾಡಿದರು ಎಂದು ಕೇಳುವುದನ್ನು ಬಿಟ್ಟು, ಅವರು ಯಾರ ಮತವನ್ನು ಕದ್ದರು ಎಂದು ಕೇಳುವುದೇ ಹೆಚ್ಚಾಯಿತು. ಮತ ಯಾವ ಪಕ್ಷದ ಆಸ್ತಿಯೂ ಅಲ್ಲ. ಅದು ಹಾಕಿದವನದು.

ನಿಜವಾದ ನಷ್ಟ ಎಲ್ಲಿ?

ಪಕ್ಷಗಳು ಹೆಚ್ಚಾದಾಗ ಆಗುವ ನಷ್ಟವನ್ನು ನೋಡಬೇಕಾದರೆ ಸೊಲ್ಲಾಪುರ ನಗರ ಮಧ್ಯ ಕ್ಷೇತ್ರಕ್ಕೆ ಬರಬೇಕು. 2014 ಮತ್ತು 2019 ಎರಡೂ ಬಾರಿ ಇಲ್ಲಿ ಕಾಂಗ್ರೆಸ್, ಎಂಐಎಂ, ಶಿವಸೇನೆ, ಸಿಪಿಎಂ ಮೊದಲಾದವುಗಳ ನಡುವೆ ನಾಲ್ಕೈದು ಕಡೆಯ ಸ್ಪರ್ಧೆ. ಎರಡೂ ಬಾರಿ ಗೆದ್ದ ಕಾಂಗ್ರೆಸ್ಸಿನ ಪ್ರಣಿತಿ ಶಿಂದೆಯವರಿಗೆ ಚಲಾವಣೆಯಾದ ಮತಗಳ ಮೂರನೇ ಒಂದು ಪಾಲೂ ಬಿದ್ದಿರಲಿಲ್ಲ. ಗೆದ್ದವರು ಸಮರ್ಥರೇ ಇರಬಹುದು. ಆದರೆ ಮೂವರಲ್ಲಿ ಇಬ್ಬರು ಮತದಾರರು ಬೇರೆಯವರನ್ನು ಬಯಸಿದ್ದರು ಎಂಬುದು ಉಳಿಯುತ್ತದೆ. ನಗರದಲ್ಲಿ ಪಕ್ಷಗಳು ಭಾಷೆ, ಸಮಾಜ, ಓಣಿಗಳ ಪ್ರಕಾರ ಹಂಚಿಹೋದರೆ ಒಬ್ಬೊಬ್ಬ ಅಭ್ಯರ್ಥಿ ತನ್ನ ಓಣಿಯನ್ನು ಮಾತ್ರ ನೋಡಿಕೊಂಡರೂ ಸಾಕಾಗುತ್ತದೆ.

2017ರ ಸೊಲ್ಲಾಪುರ ಮಹಾನಗರಪಾಲಿಕೆ ಚುನಾವಣೆಯಲ್ಲಿ 102 ಸ್ಥಾನಗಳು ಏಳು ಪಕ್ಷಗಳಿಗೆ ಹಂಚಿಹೋದವು. ಬಿಜೆಪಿ 49, ಶಿವಸೇನೆ 21, ಕಾಂಗ್ರೆಸ್ 14, ಎಂಐಎಂ 9, ರಾಷ್ಟ್ರವಾದಿ 4, ಬಿಎಸ್‌ಪಿ 4, ಸಿಪಿಎಂ 1. ಯಾರಿಗೂ ನಿಚ್ಚಳ ಬಹುಮತ ಇರಲಿಲ್ಲ. ಇಂಥ ಸದನದಲ್ಲಿ ಎಲ್ಲರ ದನಿಯೂ ಇರುತ್ತದೆ. ಆದರೆ ಹತ್ತು ಜನರ ನಡುವೆ ಹಾವು ಸಾಯದು ಎಂಬ ಗಾದೆಯೂ ಅಲ್ಲಿಗೇ ಒಪ್ಪುತ್ತದೆ. ನಳಕ್ಕೆ ನೀರು ಬಾರದಿದ್ದರೆ ಯಾರನ್ನು ಕೇಳಬೇಕು ಎಂಬುದೇ ಜನರಿಗೆ ತಿಳಿಯದಾಗುತ್ತದೆ.

ಇನ್ನೂ ಕೆಟ್ಟದ್ದು ಮಿತ್ರಪಕ್ಷಗಳ ಒಳಜಗಳ. 2024ರ ನವೆಂಬರ್ 20ರಂದು ವಿಧಾನಸಭೆಗೆ ಮತದಾನ ನಡೆದಿರುವಾಗಲೇ ದಕ್ಷಿಣ ಸೊಲ್ಲಾಪುರದಲ್ಲಿ ಮಹಾವಿಕಾಸ ಆಘಾಡಿಯ ಅಧಿಕೃತ ಅಭ್ಯರ್ಥಿ, ಠಾಕ್ರೆ ಬಣದ ಅಮರ ಪಾಟೀಲರನ್ನು ಬಿಟ್ಟು ಪಕ್ಷೇತರ ಧರ್ಮರಾಜ ಕಾಡಾದಿಯವರಿಗೆ ಕಾಂಗ್ರೆಸ್ ನಾಯಕರು ಬೆಂಬಲ ಘೋಷಿಸಿದರು. ಕನ್ನಡಿಗರು ಬಹಳಷ್ಟು ಇರುವ ಈ ಕ್ಷೇತ್ರದಲ್ಲಿ ಆಘಾಡಿಯ ಮತದಾರ ಬೆಳಗ್ಗೆ ಒಂದು ಚಿಹ್ನೆ, ಮಧ್ಯಾಹ್ನ ಇನ್ನೊಂದು ಚಿಹ್ನೆ ಎಂದು ಗೊಂದಲಕ್ಕೆ ಬಿದ್ದ. ಬಿಜೆಪಿಯ ಸುಭಾಷ ದೇಶಮುಖ ಸುಲಭವಾಗಿ ಗೆದ್ದರು. ಇದು ಬಹುಪಕ್ಷ ಪದ್ಧತಿಯ ದೋಷ ಎನ್ನುವುದಕ್ಕಿಂತ ಒಪ್ಪಂದಕ್ಕೆ ನಿಲ್ಲದವರ ದೋಷ.

ಅಕ್ಕಲಕೋಟ: ಎರಡು ಪಕ್ಷ, ಒಂದೇ ಭಾಷೆ

ಜಿಲ್ಲೆಯ ಬೇರೆ ಕಡೆ ಇಷ್ಟೆಲ್ಲ ಪಕ್ಷಗಳಿದ್ದರೂ ಅಕ್ಕಲಕೋಟ ಮಾತ್ರ ಅಮೆರಿಕದಂತೆ. ಕಾಂಗ್ರೆಸ್ ಇಲ್ಲವೇ ಬಿಜೆಪಿ. 2009ರಲ್ಲಿ ಬಿಜೆಪಿಯ ಸಿದ್ರಾಮಪ್ಪ ಪಾಟೀಲ, 2014ರಲ್ಲಿ ಕಾಂಗ್ರೆಸ್ಸಿನ ಸಿದ್ಧಾರಾಮ ಮ್ಹೇತ್ರೆ, 2019 ಮತ್ತು 2024ರಲ್ಲಿ ಬಿಜೆಪಿಯ ಸಚಿನ್ ಕಲ್ಯಾಣಶೆಟ್ಟಿ. ಇದರ ಲಾಭ ಸ್ಪಷ್ಟ. ಯಾರು ಹೊಣೆ ಎಂಬುದು ಗೊತ್ತಾಗುತ್ತದೆ, ಬೇಡವಾದರೆ ಬದಲಾಯಿಸಬಹುದು. ಈ ತಾಲೂಕಿನ ಜನ ಹಾಗೆ ಬದಲಾಯಿಸಿಯೂ ತೋರಿಸಿದ್ದಾರೆ.

ಕೊರತೆಯೂ ಇದೆ. ಪ್ರಮುಖ ಅಭ್ಯರ್ಥಿಗಳೆಲ್ಲ ಕನ್ನಡ ಬಲ್ಲವರೇ. ಪ್ರಚಾರದ ಭಾಷಣ ಅರ್ಧ ಕನ್ನಡದಲ್ಲೇ ನಡೆಯುತ್ತದೆ. ಎರಡೂ ಕಡೆ ಕನ್ನಡ ಇರುವುದರಿಂದಲೇ ಕನ್ನಡ ಶಾಲೆ, ಕನ್ನಡ ಶಿಕ್ಷಕರು, ಕನ್ನಡದಲ್ಲಿ ಸರಕಾರಿ ಅರ್ಜಿ ನಮೂನೆ ಇವು ಯಾವುವೂ ಗೆಲ್ಲಿಸುವ, ಸೋಲಿಸುವ ವಿಷಯ ಆಗುವುದಿಲ್ಲ. ಇಬ್ಬರೂ ಕೇಳದ ಪ್ರಶ್ನೆಯನ್ನು ಕೇಳಲು ಮೂರನೆಯವನು ಬೇಕು. ಅಕ್ಕಲಕೋಟದಲ್ಲಿ ಆ ಮೂರನೆಯವನು ಬಲವಾಗಿ ನಿಂತಿಲ್ಲ.

1967ರ ಮಹಾಜನ ವರದಿ ಅಕ್ಕಲಕೋಟ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಹೇಳಿತ್ತು. ಅದು ಜಾರಿಯಾಗಲಿಲ್ಲ. 2022ರ ಕೊನೆಯಲ್ಲಿ ಗಡಿ ವಿವಾದ ಮತ್ತೆ ಭುಗಿಲೆದ್ದಾಗ ತಾಲೂಕಿನ ಕೆಲವು ಹಳ್ಳಿಗಳು ನೀರು, ರಸ್ತೆ ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ದನಿ ಎತ್ತಿದವು. ಆಗ ಮಾತ್ರ ಮುಂಬಯಿಯ ಗಮನ ಇತ್ತ ತಿರುಗಿತು. ಮತಪೆಟ್ಟಿಗೆಯ ಮೂಲಕ ಹೇಳಬೇಕಾದದ್ದನ್ನು ಗಡಿ ದಾಟುವ ಬೆದರಿಕೆಯ ಮೂಲಕ ಹೇಳಬೇಕಾಯಿತು.

ಭಾಷೆಗೊಂದು ಪಕ್ಷ ಕಟ್ಟಿದರೆ?

ಹಾಗಾದರೆ ಗಡಿ ಕನ್ನಡಿಗರು ತಮ್ಮದೇ ಪಕ್ಷ ಕಟ್ಟಬೇಕೇ? ಈ ಪ್ರಯೋಗ ಬೇರೆಡೆ ನಡೆದಿದೆ. ಕಾಸರಗೋಡಿನ ಮಂಜೇಶ್ವರದಲ್ಲಿ 1957ರ ಮೊದಲ ಕೇರಳ ವಿಧಾನಸಭೆಗೆ ಉಮೇಶ ರಾವ್ ಪಕ್ಷೇತರರಾಗಿ ಅವಿರೋಧ ಆಯ್ಕೆಯಾದರು. 1960ರಲ್ಲಿ ಮತ್ತು 1967ರಲ್ಲಿ ಕರ್ನಾಟಕ ಸಮಿತಿಯ ಮಹಾಬಲ ಭಂಡಾರಿ ಗೆದ್ದರು. ಮುಂದೆ ಸಮಿತಿಯ ಬಲ ಕುಂದಿತು, ಸ್ಪರ್ಧೆ ದೊಡ್ಡ ಪಕ್ಷಗಳ ನಡುವೆ ಹೋಯಿತು. ಬೆಳಗಾವಿಯಲ್ಲಿ ಮರಾಠಿಗರ ಮಹಾರಾಷ್ಟ್ರ ಏಕೀಕರಣ ಸಮಿತಿಗೆ 2013ರಲ್ಲಿ ಎರಡು ಸ್ಥಾನ ಬಂದವು. ಬಣಗಳಾಗಿ ಒಡೆದ ಮೇಲೆ 2018ರಲ್ಲಿ ಒಂದೂ ಬರಲಿಲ್ಲ, 2023ರಲ್ಲಿಯೂ ಬರಲಿಲ್ಲ. ಒಂದೇ ಬೇಡಿಕೆಯ ಪಕ್ಷಕ್ಕೆ, ಆ ಬೇಡಿಕೆ ಈಡೇರದೆ ವರ್ಷಗಳು ಉರುಳಿದರೆ, ಹೊಸ ತಲೆಮಾರನ್ನು ಹಿಡಿದಿಡುವುದು ಕಷ್ಟ.

ಜರ್ಮನಿಯಲ್ಲಿ ಬೇರೆ ದಾರಿ ಇದೆ. ಅಲ್ಲಿ ಶೇಕಡಾ 5ರಷ್ಟು ಮತ ಪಡೆಯದ ಪಕ್ಷಕ್ಕೆ ಸಾಮಾನ್ಯವಾಗಿ ಸಂಸತ್ತಿನಲ್ಲಿ ಸ್ಥಾನವಿಲ್ಲ. ಆದರೆ ಡೆನ್ಮಾರ್ಕ್ ಗಡಿಯಲ್ಲಿರುವ ಡೇನಿಶ್ ಭಾಷಿಕ ಅಲ್ಪಸಂಖ್ಯಾತರ ಪಕ್ಷಕ್ಕೆ ಈ ನಿಯಮದಿಂದ ವಿನಾಯಿತಿ ಇದೆ. ಆ ಪಕ್ಷ 2021ರಲ್ಲಿ ಒಂದು ಸ್ಥಾನ ಗೆದ್ದಿತು. ಗಡಿಯ ಭಾಷಿಕರಿಗೆ ಕಾನೂನೇ ಬಾಗಿಲು ತೆರೆದಿಟ್ಟ ಉದಾಹರಣೆ ಇದು. ಇದಕ್ಕೆ ಎದುರಾಗಿ ಬೆಲ್ಜಿಯಂ ಇದೆ. ಅಲ್ಲಿ ಡಚ್ಚರಿಗೆ, ಫ್ರೆಂಚರಿಗೆ ಬೇರೆ ಬೇರೆ ಪಕ್ಷಗಳು. 2010ರ ಚುನಾವಣೆಯ ನಂತರ ಸರಕಾರ ರಚನೆಗೆ 541 ದಿನ ಹಿಡಿಯಿತು.

ಪಕ್ಕದ ಕರ್ನಾಟಕ, ದೂರದ ದೆಹಲಿ

ಕರ್ನಾಟಕದ ಅನುಭವವೂ ಎರಡು ಮುಖದ್ದು. 2013ರಲ್ಲಿ ಯಡಿಯೂರಪ್ಪ ಕಟ್ಟಿದ ಕೆಜೆಪಿ ಗೆದ್ದದ್ದು ಆರೇ ಸ್ಥಾನ. ಅದರಲ್ಲಿ ಅಕ್ಕಲಕೋಟಕ್ಕೆ ಹತ್ತಿಕೊಂಡ ಆಳಂದವೂ ಒಂದು, ಅಲ್ಲಿ ಬಿ.ಆರ್. ಪಾಟೀಲ ಗೆದ್ದರು. ಆದರೆ ಕೆಜೆಪಿ ಶೇಕಡಾ 10ರಷ್ಟು ಮತ ಎಳೆದು ಬಿಜೆಪಿಯನ್ನು 40ಕ್ಕೆ ಇಳಿಸಿತು. ಶೇಕಡಾ 37ರಷ್ಟು ಮತ ಪಡೆದ ಕಾಂಗ್ರೆಸ್ 122 ಸ್ಥಾನ ಗೆದ್ದು ಅಧಿಕಾರ ಹಿಡಿಯಿತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬುದು ಇಲ್ಲಿ ಅಕ್ಷರಶಃ ನಿಜ. 2018ರಲ್ಲಿ 37 ಸ್ಥಾನದ ಜೆಡಿಎಸ್ ಮುಖ್ಯಮಂತ್ರಿ ಪಟ್ಟ ಪಡೆಯಿತು. ಆ ಸರಕಾರ 14 ತಿಂಗಳಲ್ಲಿ ಬಿತ್ತು.

ದೆಹಲಿಯಲ್ಲಿ 1996ರಿಂದ 1999ರವರೆಗೆ ಮೂರು ಲೋಕಸಭೆ ಚುನಾವಣೆಗಳು ನಡೆದವು. 13 ದಿನದ ಸರಕಾರವನ್ನೂ ಒಂದು ಮತದಿಂದ ಬಿದ್ದ ಸರಕಾರವನ್ನೂ ದೇಶ ನೋಡಿತು. ಅದೇ ಕಾಲದಲ್ಲಿ 46 ಸ್ಥಾನದ ಜನತಾ ದಳದಿಂದ ಎಚ್.ಡಿ. ದೇವೇಗೌಡರು ಪ್ರಧಾನಿಯಾದರು. ಎರಡೇ ಪಕ್ಷಗಳಿದ್ದ ದೇಶದಲ್ಲಿ ಹಾಸನದ ರೈತನ ಮಗನಿಗೆ ಆ ಕುರ್ಚಿ ಸಿಗುವುದು ಸುಲಭವಿರಲಿಲ್ಲ. 2004ರಲ್ಲಿ 145 ಸ್ಥಾನದ ಕಾಂಗ್ರೆಸ್ ಎಡಪಕ್ಷಗಳ ಬೆಂಬಲದಿಂದ ಸರಕಾರ ನಡೆಸಿದಾಗ, 2005ರಲ್ಲಿ ಮಾಹಿತಿ ಹಕ್ಕು ಮತ್ತು ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆಗಳು ಬಂದವು. ಉದ್ಯೋಗ ಖಾತ್ರಿಗೆ ಮೇಲ್ಪಂಕ್ತಿಯಾದದ್ದು 1972ರ ಬರದ ನಂತರ ಮಹಾರಾಷ್ಟ್ರದಲ್ಲೇ ರೂಪುಗೊಂಡ ರೋಜಗಾರ ಹಮಿ ಎಂಬುದು ಇಲ್ಲಿನ ಹಿರಿಯರಿಗೆ ಗೊತ್ತೇ ಇದೆ.

ಹುಟ್ಟಿದ ಪಕ್ಷ, ಒಡೆದ ಪಕ್ಷ

ಮಹಾರಾಷ್ಟ್ರದಲ್ಲಿ ಪಕ್ಷಗಳ ಸಂಖ್ಯೆ ಇತ್ತೀಚೆಗೆ ಬೆಳೆದ ರೀತಿ ಮಾತ್ರ ಬೇರೆ. 2019ರಲ್ಲಿ ಬಿಜೆಪಿ 105, ಶಿವಸೇನೆ 56, ರಾಷ್ಟ್ರವಾದಿ 54, ಕಾಂಗ್ರೆಸ್ 44 ಗೆದ್ದವು. ಜೊತೆಯಾಗಿ ಮತ ಕೇಳಿದ ಬಿಜೆಪಿ, ಸೇನೆ ಬೇರೆಯಾದವು. 2022ರ ಜೂನ್‌ನಲ್ಲಿ ಶಿವಸೇನೆ ಒಡೆಯಿತು, 2023ರ ಜುಲೈಯಲ್ಲಿ ರಾಷ್ಟ್ರವಾದಿ ಒಡೆಯಿತು. ಚುನಾವಣಾ ಆಯೋಗ ಬಿಲ್ಲು ಬಾಣವನ್ನು ಏಕನಾಥ ಶಿಂದೆ ಬಣಕ್ಕೆ, ಗಡಿಯಾರವನ್ನು ಅಜಿತ ಪವಾರ ಬಣಕ್ಕೆ ಕೊಟ್ಟಿತು. 1985ರ ಪಕ್ಷಾಂತರ ನಿಷೇಧ ಕಾಯ್ದೆ, ಅದನ್ನು ಬಿಗಿಗೊಳಿಸಿದ 2003ರ ತಿದ್ದುಪಡಿ ಎರಡೂ ಇದ್ದರೂ ಇದೆಲ್ಲ ನಡೆಯಿತು.

ಇಲ್ಲಿಯೇ ವ್ಯತ್ಯಾಸ ತಿಳಿಯಬೇಕು. ಶೇಕಾಪ ಹುಟ್ಟಿದ್ದು ರೈತರ ಪ್ರಶ್ನೆಯಿಂದ, ಪರಿಶಿಷ್ಟ ಜಾತಿ ಫೆಡರೇಶನ್ ಹುಟ್ಟಿದ್ದು ದಲಿತರ ಪ್ರಶ್ನೆಯಿಂದ. ಅವು ಮತದಾರರು ಕೊಟ್ಟ ಹೊಸ ಆಯ್ಕೆಗಳು. ಗೆದ್ದ ಮೇಲೆ ಆಮದಾರರು ಹಂಚಿಕೊಂಡು ಎರಡು ಪಕ್ಷ ನಾಲ್ಕಾದರೆ ಮತದಾರನಿಗೆ ಹೊಸದೇನೂ ಸಿಗುವುದಿಲ್ಲ. ಅವನು ಹಾಕಿದ ಮತವೇ ಅವನನ್ನು ಕೇಳದೆ ಬೇರೆ ಕಡೆ ಹೋಗಿರುತ್ತದೆ.

ಒಟ್ಟಾರೆ

ಸೊಲ್ಲಾಪುರದ ಎಪ್ಪತ್ತು ವರ್ಷಗಳ ಅನುಭವವನ್ನು ಒಂದೆಡೆ ಇಟ್ಟು ನೋಡಿದರೆ ಎರಡಕ್ಕಿಂತ ಹೆಚ್ಚು ಪಕ್ಷಗಳಿರುವುದು ಲಾಭವೇ. ಆದರೆ ಆ ಲಾಭ ತಾನಾಗಿ ಬರುವುದಿಲ್ಲ. ಮೂರನೆಯ ಪಕ್ಷಕ್ಕೆ ತನ್ನದೇ ಕೆಲಸ, ತನ್ನದೇ ಜನ ಇರಬೇಕು. ಸಾಂಗೋಲೆಯ ನೀರು, ಕುಂಭಾರಿಯ ಮನೆ ಅದಕ್ಕೆ ಸಾಕ್ಷಿ. ಇನ್ನೊಬ್ಬರನ್ನು ಸೋಲಿಸಲೆಂದೇ ನಿಂತ ಪಕ್ಷದಿಂದಾಗಲಿ, ಕುರ್ಚಿಗಾಗಿ ಒಡೆದ ಪಕ್ಷದಿಂದಾಗಲಿ ಆ ಲಾಭ ಇಲ್ಲ.

ಮೂರನೆಯ ಪಕ್ಷದ ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ ಗಡಿಭಾಗದ ಮತದಾರ ಕೇಳಬಹುದಾದ ಪ್ರಶ್ನೆಗಳು ಇಷ್ಟು:

1. ಉಳಿದ ಇಬ್ಬರು ಕೇಳದ ಯಾವ ಪ್ರಶ್ನೆಯನ್ನು ನೀವು ಕೇಳುತ್ತಿದ್ದೀರಿ?

2. ಕಳೆದ ಚುನಾವಣೆ ಮುಗಿದ ಮೇಲೆ ಈ ಊರಿಗೆ ಎಷ್ಟು ಸಲ ಬಂದಿರಿ?

3. ಸೋತರೂ ಈ ಕೆಲಸ ಮುಂದುವರಿಸುತ್ತೀರಾ?

4. ಗೆದ್ದ ಮೇಲೆ ಇದೇ ಪಕ್ಷದಲ್ಲಿ ಇರುತ್ತೀರಾ?

5. ಕನ್ನಡ ಶಾಲೆಯ ಖಾಲಿ ಹುದ್ದೆ, ಊರಿನ ನೀರು, ರಸ್ತೆ ಇವುಗಳ ಬಗ್ಗೆ ನಿಮ್ಮ ಪಕ್ಷ ಲಿಖಿತವಾಗಿ ಏನು ಹೇಳಿದೆ?

ಈ ಐದಕ್ಕೂ ಸರಿಯಾದ ಉತ್ತರ ಕೊಟ್ಟವರಿಗೆ ಹಾಕಿದ ಮತ ವ್ಯರ್ಥವಾಗುವುದಿಲ್ಲ, ಅವರು ಗೆಲ್ಲಲಿ, ಸೋಲಲಿ. ಇವೇ ಪ್ರಶ್ನೆಗಳನ್ನು ದೊಡ್ಡ ಪಕ್ಷದವರಿಗೂ ಕೇಳಬಹುದು. ಮೂರನೆಯವನೊಬ್ಬ ಕಣದಲ್ಲಿದ್ದರೆ ಅವರೂ ಉತ್ತರ ಕೊಡಬೇಕಾಗುತ್ತದೆ.